ಲಿಂಗತ್ವ ಅಧ್ಯಯನ ಓದಿದರೆ ಮುಂದೇನು?

ಪ್ರಶ್ನೆ: ಬಿ.ಎ. ಮುಗಿಸುತ್ತಿರುವ ಮಗಳು ಲಿಂಗತ್ವ, ಲೈಂಗಿಕತೆಯ ಬಗ್ಗೆ ಎಂ.ಎ. ಓದುತ್ತೇನೆ ಎನ್ನುತ್ತಾಳೆ. ಅಲ್ಲಿ ಏನು ಕಲಿಸುತ್ತಾರೆ? ಕೆಲಸ ಸಿಗುತ್ತದೆಯೇ?
– ಓದುಗರೊಬ್ಬರು, ಅರಸೀಕೆರೆ

ಉತ್ತರ: ನಿಮ್ಮ ಪಕ್ಕದ ಬೇಲೂರಿನಿಂದಲೇ ಶುರುಮಾಡೋಣ. ಅಲ್ಲಿನ ಶಿಲಾಬಾಲಿಕೆಯರನ್ನು ಎಲ್ಲರೂ ಕಣ್ತುಂಬ ನೋಡುತ್ತಾರೆ. ಅದೇ ಆವರಣದ ಕಪ್ಪೆ ಚೆನ್ನಿಗರಾಯ ಗುಡಿಯನ್ನು ಕಟ್ಟಿಸಿದವಳು ರಾಣಿ ಶಾಂತಲೆ. ದಾನ ಕೊಡುವಷ್ಟು ಸ್ವತ್ತು ಆಕೆಗೆ ಹೇಗೆ ಬಂತು? ಅದೇ ಕಾಲದ ಸಾಮಾನ್ಯ ಹೆಂಗಸಿಗೆ ಏನಿತ್ತು? ಕೆತ್ತಿದ ಹೆಣ್ಣಿನ ಚೆಲುವು ಯಾರ ಕಣ್ಣಿನದು? ಇಂಥ ಪ್ರಶ್ನೆಗಳನ್ನು ಶಾಸನ, ಕಾನೂನು, ಕೂಲಿ, ಮದುವೆ ಎಲ್ಲದಕ್ಕೂ ಕೇಳುವುದೇ ಈ ಓದು. ಗಂಡು, ಹೆಣ್ಣು ಎಂಬ ಎರಡೇ ಚೌಕಟ್ಟಿಗೆ ಸೇರದವರ ಬದುಕೂ ಇಲ್ಲಿ ಪಾಠ. ಅಂಥವರಲ್ಲಿ ಒಬ್ಬರಾದ, ಜೋಗತಿ ಪರಂಪರೆಯ ಮಂಜಮ್ಮ ಜೋಗತಿ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದದ್ದು ನಮ್ಮ ರಾಜ್ಯದಲ್ಲೇ.

2003ರಲ್ಲಿ ಸ್ಥಾಪನೆಯಾದ ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಲ್ಲಿ ಇಂಥ ವಿಷಯಗಳನ್ನು ಕಲಿಸುವ ಮಹಿಳಾ ಅಧ್ಯಯನ ವಿಭಾಗವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲೂ ಇದೆ. ಯುಜಿಸಿ ನೆಟ್ ಪರೀಕ್ಷೆಗೆ ಇದು ಪ್ರತ್ಯೇಕ ವಿಷಯ, ಹಾಗಾಗಿ ಅಧ್ಯಾಪಕಿಯಾಗಬಹುದು. ಸ್ವಯಂಸೇವಾ ಸಂಸ್ಥೆ, ಆಪ್ತ ಸಮಾಲೋಚನೆ, ಪತ್ರಿಕೋದ್ಯಮವೂ ಇವೆ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ತಿಳಿವಳಿಕಸ್ಥರೊಬ್ಬರೂ ಬೇಕು; ಈ ಓದು ಅಲ್ಲೂ ಕೆಲಸಕ್ಕೆ ಬರುತ್ತದೆ. ಸರ್ಕಾರಿ ನೌಕರಿಯಷ್ಟು ನೇರ ದಾರಿ ಇದಲ್ಲ, ನಿಜ. ಜೊತೆಗೆ ಕಾನೂನು ಅಥವಾ ಸಮಾಜಕಾರ್ಯದ ಪದವಿ ಇದ್ದರೆ ಅನುಕೂಲ. ಮಗಳನ್ನು ಓದಲು ಬಿಡಿ.