ವಿಚಾರವೂ ವಿಕಾರವೂ

ಯಾವ ವಿಷಯವನ್ನೇ ಆಗಲಿ ಬಿಡಿಸಿ, ಕಾರಣವನ್ನು ಹುಡುಕಿ, ಗುಣದೋಷಗಳನ್ನು ತೂಗಿ ನೋಡುವ ಸ್ವಭಾವದವರು ಪ್ರತಿ ಊರಿನಲ್ಲಿಯೂ ಪ್ರತಿ ಕಚೇರಿಯಲ್ಲಿಯೂ ಕೆಲವರಾದರೂ ಇರುವರು. ಅಂಥವರಿಲ್ಲದೆ ಲೋಕವ್ಯವಹಾರವು ಸಾಗದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅತಿಯಾದರೆ ಅಮೃತವೂ ವಿಷವೆಂಬ ಗಾದೆಯು ಈ ಗುಣಕ್ಕೂ ಸಲ್ಲುತ್ತದೆ. ವಿಚಾರವು ವಿಕಾರಕ್ಕೆ ತಿರುಗುವ ಬಗೆಯನ್ನು ತೋರಿಸಲು, ನಮ್ಮ ದೇಶದ ಆಳಿಕೆಯೊಡನೆ ಸಂಬಂಧವಿದ್ದ ಒಬ್ಬ ತಂದೆ ಮತ್ತು ಮಗನ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಜೇಮ್ಸ್ ಮಿಲ್ ಎಂಬ ಪಂಡಿತನು 1817ರಲ್ಲಿ ಬ್ರಿಟಿಷ್ ಇಂಡಿಯಾದ ಚರಿತ್ರೆಯನ್ನು ಬರೆದು ಮುಗಿಸಿದನು. ಆತನು ಹಿಂದೂಸ್ಥಾನದ ನೆಲವನ್ನು ಮೆಟ್ಟಿದವನಲ್ಲ. ಇಲ್ಲಿಯ ಭಾಷೆಗಳನ್ನು ಕಲಿತವನೂ ಅಲ್ಲ. ಇದನ್ನು ಕೊರತೆಯೆಂದು ಒಪ್ಪುವುದರ ಬದಲು, ಇಲ್ಲಿ ಬಹುಕಾಲ ಬಾಳಿ ಕಣ್ಣುಕಿವಿಗಳಿಂದ ಅರಿತವನಿಗಿಂತ, ಇಂಗ್ಲೆಂಡಿನ ಕೋಣೆಯೊಂದರಲ್ಲಿ ಕುಳಿತು ಬರಹಗಳನ್ನು ಪರಿಶೀಲಿಸಿದವನೇ ಹೆಚ್ಚು ತಿಳಿಯಬಲ್ಲನೆಂದು ಪೀಠಿಕೆಯಲ್ಲಿ ವಾದಿಸಿದನು. ಆ ಗ್ರಂಥವು ಕಂಪೆನಿಯ ಅಧಿಕಾರಿಗಳನ್ನು ತಯಾರುಮಾಡುತ್ತಿದ್ದ ಹೈಲಿಬರಿ ಕಾಲೇಜಿನಲ್ಲಿ ಪಠ್ಯವಾಯಿತು. ಕಾಣದ ಜನರ ಮೇಲೆ ಕೊಟ್ಟ ತೀರ್ಪನ್ನು ಓದಿಕೊಂಡವರು ಆ ಜನರನ್ನೇ ಆಳಲು ಬಂದರು. ಕಾಗದವನ್ನೇ ವಸ್ತುವೆಂದು ಭ್ರಮಿಸುವುದು ಈ ವಿಕಾರದ ಮೊದಲನೆಯ ರೂಪ.

ಎರಡನೆಯ ರೂಪವು ಆತನ ಮನೆಯಲ್ಲಿಯೇ ಕಾಣಿಸಿಕೊಂಡಿತು. ಮಗನಾದ ಜಾನ್ ಸ್ಟೂಅರ್ಟ್ ಮಿಲ್ಲನಿಗೆ ತಂದೆಯೇ ಗುರು. ಮೂರನೆಯ ವರ್ಷಕ್ಕೆ ಗ್ರೀಕ್, ಎಂಟನೆಯ ವರ್ಷಕ್ಕೆ ಲ್ಯಾಟಿನ್, ಹನ್ನೆರಡರ ಸುಮಾರಿಗೆ ತರ್ಕಶಾಸ್ತ್ರ. 1823ರಲ್ಲಿ, ಹದಿನೇಳನೆಯ ವರ್ಷಕ್ಕೆ, ಲಂಡನ್ನಿನ ಕಂಪೆನಿ ಕಚೇರಿಯಲ್ಲಿ ತಂದೆಯ ಕೈಕೆಳಗೆ ಉದ್ಯೋಗ. 1826ರಲ್ಲಿ ಒಂದು ದಿನ, ತಾನು ಬಯಸಿದ ಲೋಕಸುಧಾರಣೆಯೆಲ್ಲ ಈ ಗಳಿಗೆಯೇ ಕೈಗೂಡಿದರೆ ತನಗೆ ಸಂತೋಷವಾಗುವುದೇ ಎಂದು ತನ್ನನ್ನೇ ಕೇಳಿಕೊಂಡನು. ಇಲ್ಲವೆಂದು ಒಳಗಿನಿಂದ ಉತ್ತರ ಬಂದಿತು. ತಿಂಗಳುಗಟ್ಟಲೆ ಯಂತ್ರದಂತೆ ದುಡಿದನೇ ಹೊರತು ಯಾವುದರಲ್ಲಿಯೂ ರುಚಿಯುಳಿಯಲಿಲ್ಲ. ತಂದೆಯೊಡನೆ ಹೇಳಿಕೊಳ್ಳಲೂ ಮನಸ್ಸಾಗಲಿಲ್ಲ. ಎಲ್ಲವನ್ನೂ ಬಿಡಿಸಿ ನೋಡುವ ಅಭ್ಯಾಸವೇ ಭಾವನೆಗಳನ್ನು ಸವೆಯಿಸಿತೆಂದು, 1873ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ತಾನೇ ವಿವರಿಸಿರುವನು.

ನಮ್ಮ ನ್ಯಾಯಶಾಸ್ತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ವಿಂಗಡಿಸಿದೆ. ನಿಜವನ್ನು ತಿಳಿಯಲು ನಡೆಸುವುದು ವಾದ. ಗೆಲ್ಲಲು ನಡೆಸುವುದು ಜಲ್ಪ. ತನ್ನದೆಂಬ ಪಕ್ಷವನ್ನು ನಿಲ್ಲಿಸದೆ ಎದುರಿನದನ್ನು ಕೆಡವುವುದು ವಿತಂಡಾ. ಅತಿವಿಚಾರಿಯು ತನ್ನ ಮನಸ್ಸಿನೊಡನೆಯೇ ವಿತಂಡಾ ಹೂಡುತ್ತಾನೆ. ಆತನು ಅಧಿಕಾರಿಯಾದರೆ ಟಿಪ್ಪಣಿಯ ಮೇಲೆ ಟಿಪ್ಪಣಿ ಬೆಳೆದು, ಬಾವಿಯನ್ನು ಬೇಡಿದ ಹಳ್ಳಿಯವರು ಇನ್ನೊಂದು ಬೇಸಿಗೆಯನ್ನು ನೀರಿಲ್ಲದೆ ಕಳೆಯಬೇಕಾಗುವುದು. ಗೃಹಸ್ಥನಾದರೆ, ಅಳುವ ಮಗುವಿನ ಅಳುವಿಗೆ ಕಾರಣವನ್ನು ವಿಚಾರಿಸುವನೇ ಹೊರತು ಮಗುವನ್ನು ಎತ್ತಿಕೊಳ್ಳಲಾರನು.

ಮಿಲ್ಲನು ಚೇತರಿಸಿಕೊಂಡುದು ಹೇಗೆ? ತಂದೆಯನ್ನು ಕಳೆದುಕೊಂಡ ಬಾಲಕನೊಬ್ಬನು, ಇನ್ನು ಮನೆಗೆಲ್ಲ ತಾನೇ ಆಸರೆಯಾಗುವೆನೆಂದು ನಿಶ್ಚಯಿಸಿದ ಪ್ರಸಂಗವನ್ನು ಮಾರ್ಮಾಂಟೆಲ್ ಎಂಬ ಫ್ರೆಂಚ್ ಲೇಖಕನ ಗ್ರಂಥದಲ್ಲಿ ಓದುತ್ತಿರಲು ಕಣ್ಣಲ್ಲಿ ನೀರು ಬಂದಿತು. ತನ್ನ ಎದೆ ಕಲ್ಲಾಗಿಲ್ಲವೆಂದು ತಿಳಿದು ಭಾರವಿಳಿಯಿತು. 1828ರಲ್ಲಿ ವರ್ಡ್ಸ್‌ವರ್ತ್ ಕವಿಯ ಕವಿತೆಗಳು ಉಳಿದ ಉಪಚಾರವನ್ನು ಮಾಡಿದವು. ತರ್ಕವನ್ನು ಆತನು ಬಿಡಲಿಲ್ಲ. 1843ರಲ್ಲಿ ತರ್ಕಶಾಸ್ತ್ರದ ಮೇಲೆಯೇ ಮಹಾಗ್ರಂಥವನ್ನು ಪ್ರಕಟಿಸಿದನು. ಬುದ್ಧಿಗೆ ಭಾವದ ಜೊತೆಯನ್ನು ಕೊಟ್ಟನಷ್ಟೇ.

ಆದರೂ ತಂದೆಯ ರೋಗದ ಶೇಷವು ಮಗನಲ್ಲಿ ಉಳಿಯದೆ ಇರಲಿಲ್ಲ. 1858ರವರೆಗೆ ಕಂಪೆನಿಯ ಕಾಗದಪತ್ರಗಳನ್ನು ತಿದ್ದಿದ ಈತನೂ ಇಲ್ಲಿಗೆ ಒಮ್ಮೆಯೂ ಬರಲಿಲ್ಲ. 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತು ಬರೆದ ಗ್ರಂಥದಲ್ಲಿಯೇ, ಹಿಂದುಳಿದ ಜನಾಂಗಗಳಿಗೆ ಆ ತತ್ತ್ವವು ಅನ್ವಯಿಸದೆಂದನು. ತನ್ನ ದುಃಖವನ್ನು ಅಷ್ಟು ಸೂಕ್ಷ್ಮವಾಗಿ ಬಲ್ಲವನಿಗೆ ದೂರದವರ ದುಃಖವು ಕಡತದಲ್ಲಿಯೇ ಉಳಿಯಿತು.

ಆದುದರಿಂದ ನಮ್ಮ ವಿದ್ಯಾವಂತರಲ್ಲಿ ನಾವು ಬಿನ್ನವಿಸುವುದಿಷ್ಟೇ: ವಿಚಾರಕ್ಕೊಂದು ಅವಧಿಯನ್ನು ಗೊತ್ತುಮಾಡಿ, ಅದು ಮುಗಿದೊಡನೆ ನಿರ್ಣಯಿಸಿರಿ. ಆಜ್ಞೆಗೆ ಸಹಿ ಹಾಕುವ ಮುನ್ನ ಸ್ಥಳಕ್ಕೆ ಹೋಗಿ ಜನರ ಮುಖವನ್ನು ನೋಡಿರಿ. ಮಕ್ಕಳಿಗೆ ಲೆಕ್ಕವನ್ನು ಕಲಿಸುವಂತೆಯೇ ಹಾಡನ್ನೂ ಆಟವನ್ನೂ ಕಲಿಸಿರಿ. ಅವರು ತಮ್ಮ ಸಂಕಟವನ್ನು ತಂದೆಯೊಡನೆ ಹೇಳಿಕೊಳ್ಳಬಲ್ಲಂತೆ ನಡೆದುಕೊಳ್ಳಿರಿ.