ಒಂದೇ ಗಂಟು, ನೂರು ಗಣಕ

ಮಧುವನಹಳ್ಳಿಯಲ್ಲಿ ಸ್ಮರಣಸಂಚಿಕೆಯೊಂದನ್ನು ಪೇಜ್‌ಮೇಕರ್‌ನಲ್ಲಿ, ನುಡಿ ಅಕ್ಷರಗಳಲ್ಲಿ ಜೋಡಿಸಿ ಕೊಳ್ಳೇಗಾಲದ ಮುದ್ರಣಾಲಯವೊಂದಕ್ಕೆ ಒಯ್ದೆವು. ಅಲ್ಲಿನ ಗಣಕದಲ್ಲಿ ಪೇಜ್‌ಮೇಕರ್ ಇತ್ತು, ನುಡಿ ಇರಲಿಲ್ಲ. ಕನ್ನಡವೆಲ್ಲ ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡಿತು! ಕನ್ನಡ ಗಣಕ ಪರಿಷತ್ತಿನ ಹಳೆಯ ನುಡಿ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ರೋಮನ್ ಲಿಪಿಯ ಸ್ಥಾನಗಳಲ್ಲಿಯೇ ಕುಳಿತಿವೆ. ಫಾಂಟು ಜೊತೆಗಿಲ್ಲದಿದ್ದರೆ ಬರೆಹ ಗುರುತು ಸಿಕ್ಕದಂತಾಗುತ್ತದೆ. 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆ ಸ್ವಂತ ಸ್ಥಾನವನ್ನು ಕೊಟ್ಟಿದ್ದರೂ ಪೇಜ್‌ಮೇಕರ್ ಅದನ್ನು ಅರಿಯದು.

ನೂರು ಗಣಕಗಳಿರುವ ಕಚೇರಿಯಲ್ಲಿ ಒಂದೊಂದರ ಮುಂದೆಯೂ ಕುಳಿತು ಇವನ್ನೆಲ್ಲ ಅಳವಡಿಸಲಾದೀತೆ? ತಂತ್ರಾಂಶ, ಫಾಂಟು, ಕೀಲಿಮಣೆ, ಪರವಾನಗಿಗಳನ್ನು ಒಂದೇ ಗಂಟಾಗಿ ಕಟ್ಟಿ, ಯಂತ್ರ ಕೇಳುವ ಪ್ರಶ್ನೆಗಳಿಗೆ ಉತ್ತರವನ್ನೂ ಮೊದಲೇ ಬರೆದಿಟ್ಟು, ಕೇಂದ್ರ ಗಣಕದಿಂದ ಜಾಲದ ಮೂಲಕ ಕಳುಹಿಸುತ್ತಾರೆ. ಮೊದಲು ಎರಡು ಮೂರು ಗಣಕಗಳಲ್ಲಿ ಪರೀಕ್ಷಿಸಬೇಕು; ಗಂಟಿನೊಳಗಿನ ತಪ್ಪೂ ನೂರಾಗುತ್ತದೆಯಷ್ಟೆ.

ನಾವಾದರೋ, ಮರುದಿನ ಫಾಂಟುಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ಮತ್ತೆ ಕೊಳ್ಳೇಗಾಲಕ್ಕೆ ಹೊರಟೆವು.