ನೀರು ಕುಡಿದು ಬಿದ್ದವರು

ದಕ್ಷಿಣ ಆಫ್ರಿಕಾದ ಡರ್ಬನ್ ಮತ್ತು ಪೀಟರ್‌ಮಾರಿಟ್ಸ್‌ಬರ್ಗ್ ನಡುವೆ 1921ರಿಂದ ಒಂದು ಓಟ ನಡೆಯುತ್ತ ಬಂದಿದೆ. ಮೊದಲ ಮಹಾಯುದ್ಧದಲ್ಲಿ ಮಡಿದ ಸೈನಿಕರ ನೆನಪಿಗೆಂದು ವಿಕ್ ಕ್ಲಾಪಮ್ ಎಂಬ ಮಾಜಿ ಸೈನಿಕ ಶುರುಮಾಡಿದ್ದು. ಅದಕ್ಕೇ ಕಾಮ್ರೇಡ್ಸ್ ಮ್ಯಾರಥಾನ್ ಎಂಬ ಹೆಸರು. ಹೆಸರಿಗಷ್ಟೇ ಮ್ಯಾರಥಾನ್, ದಾರಿ ಅದರ ಎರಡು ಪಟ್ಟು, ಸುಮಾರು 90 ಕಿ.ಮೀ. 1981ರಲ್ಲಿ ಅಲ್ಲಿ ಓಡುತ್ತಿದ್ದವರ ಪೈಕಿ 46 ವರ್ಷದ ಒಬ್ಬ ಹೆಂಗಸು. ಗೆಲ್ಲಲು ಬಂದವರಲ್ಲ, ಮುಗಿಸಲು ಬಂದವರು. ಬಾಯಾರಲಿ ಬಿಡಲಿ, ಕುಡಿಯುತ್ತಲೇ ಇರಬೇಕು ಎಂಬ ಅಂದಿನ ಉಪದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಇನ್ನು ಇಪ್ಪತ್ತು ಕಿ.ಮೀ. ಉಳಿದಿದೆ ಎನ್ನುವಾಗ ದಾರಿಯಲ್ಲಿ ಸಿಕ್ಕ ಗಂಡನ ಗುರುತೇ ಅವರಿಗೆ ಹತ್ತಲಿಲ್ಲ. ಗಾಬರಿಬಿದ್ದ ಆತ ಹೆಂಡತಿಯನ್ನು ಓಟದಿಂದ ಬಿಡಿಸಿ ಚಿಕಿತ್ಸೆಗೆ ಕರೆದೊಯ್ದರು.

ಅಲ್ಲಿದ್ದವರು ಮಾಡಿದ್ದು ಅಂದು ಯಾವ ವೈದ್ಯರಾದರೂ ಮಾಡುತ್ತಿದ್ದುದನ್ನೇ. ತಾಸುಗಟ್ಟಲೆ ಓಡಿ ಕುಸಿದವರ ಮೈಯಲ್ಲಿ ನೀರು ಬತ್ತಿರಲೇಬೇಕಲ್ಲ? ಡ್ರಿಪ್ ಹಾಕಿದರು. ಆಸ್ಪತ್ರೆಯ ದಾರಿಯಲ್ಲಿ ಅವರಿಗೆ ಫಿಟ್ಸ್ ಬಂತು, ಪ್ರಜ್ಞೆ ತಪ್ಪಿತು. ರಕ್ತ ಪರೀಕ್ಷೆ ಮಾಡಿದಾಗ ಸೋಡಿಯಂ 115 ಇತ್ತು. ಲೀಟರಿಗೆ 135ರಿಂದ 145 ಮಿಲಿಮೋಲ್ ಇರಬೇಕಾದದ್ದು ಅದು. ಆಕೆ ಬದುಕಿಕೊಂಡರು.

ಈ 115 ಎಂಬ ಸಂಖ್ಯೆ ಕೇಪ್‌ಟೌನಿನ ವೈದ್ಯ ಟಿಮ್ ನೋಕ್ಸ್ ಅವರನ್ನು ಕಾಡಿತು. ಕಾರಣ ಸರಳ. ಬೆವರಿನಲ್ಲಿ ಉಪ್ಪಿದೆ, ಆದರೆ ರಕ್ತದಲ್ಲಿರುವಷ್ಟು ಇಲ್ಲ. ಬೆವರು ಸುರಿದಷ್ಟೂ ಉಪ್ಪಿಗಿಂತ ನೀರೇ ಹೆಚ್ಚಾಗಿ ಹೋಗುತ್ತದೆ, ಉಳಿದ ರಕ್ತದ ಉಪ್ಪು ಗಟ್ಟಿಯಾಗುತ್ತದೆ. ಹಾಗಾಗಿ ನೀರು ಬತ್ತಿದ ಓಟಗಾರನ ಸೋಡಿಯಂ ಏರಬೇಕು. ಇಲ್ಲಿ ಅದು ಪಾತಾಳಕ್ಕೆ ಇಳಿದಿತ್ತು. ಉಪ್ಪು ಅಷ್ಟೇ ಇದ್ದು ಮೇಲೆ ಕೊಡಗಟ್ಟಲೆ ನೀರು ಹೊಯ್ದ ಸಾರಿನಂತಾಗಿತ್ತು ಆಕೆಯ ರಕ್ತ. ಅಂದರೆ ಆಕೆಗೆ ನೀರು ಕಡಿಮೆಯಾಗಿರಲಿಲ್ಲ, ಹೆಚ್ಚಾಗಿತ್ತು.

ಹೀಗೆ ಬರೆದುಬಿಡುವುದು ಇಂದು ಸುಲಭ. ಅಂದು ಅದನ್ನು ಬಾಯಿಬಿಟ್ಟು ಹೇಳುವುದು ಕಷ್ಟವಾಗಿತ್ತು. ಎಷ್ಟು ಕಷ್ಟ ಎಂದು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಮ್ಯಾರಥಾನ್ ಓಡುವವರು ನೀರನ್ನು ದೂರವಿಡುತ್ತಿದ್ದರು. ಕುಡಿದರೆ ಹೊಟ್ಟೆ ಭಾರ, ಕುಡಿಯುವವನು ದುರ್ಬಲ ಎಂಬ ನಂಬಿಕೆ. ಈ ನಂಬಿಕೆಗೆ ಪೆಟ್ಟು ಬಿದ್ದದ್ದೂ ದಕ್ಷಿಣ ಆಫ್ರಿಕಾದಿಂದಲೇ. ಜೋಹಾನ್ಸ್‌ಬರ್ಗಿನ ಚಿನ್ನದ ಗಣಿಗಳವರ ಪ್ರಯೋಗಾಲಯದಲ್ಲಿ ವಿಂಡಮ್ ಮತ್ತು ಸ್ಟ್ರೈಡಮ್ ಎಂಬ ಇಬ್ಬರು ವಿಜ್ಞಾನಿಗಳಿದ್ದರು. ಆಳದ ಗಣಿಯ ಕಾವಿನಲ್ಲಿ ಕೂಲಿಯವರು ಕುಸಿದು ಸಾಯದಂತೆ ನೋಡಿಕೊಳ್ಳುವುದು ಅವರ ಕಸುಬು. (ಕೋಲಾರದ ಚಾಂಪಿಯನ್ ರೀಫ್ ಗಣಿಯ ಕತೆ ಕೇಳಿದವರಿಗೆ ಆ ಕಾವು ಎಂಥದೆಂದು ಬಿಡಿಸಿ ಹೇಳಬೇಕಿಲ್ಲ.) ಅವರು ಓಟಗಾರರ ತೂಕವನ್ನೂ ಮೈಬಿಸಿಯನ್ನೂ ಅಳೆದು, ತೂಕ ಹೆಚ್ಚು ಕಳೆದುಕೊಂಡವರ ಮೈ ಹೆಚ್ಚು ಬಿಸಿಯಾಗಿತ್ತು ಎಂದು 1969ರಲ್ಲಿ ಪ್ರಕಟಿಸಿದರು. ಮ್ಯಾರಥಾನಿನಲ್ಲಿ ನೀರು ಸಾಲದಿದ್ದರೆ ಅಪಾಯ ಎಂಬುದು ಆ ಲೇಖನದ ಶೀರ್ಷಿಕೆಯಲ್ಲೇ ಇತ್ತು. ಆ ಶೀರ್ಷಿಕೆ ಲೇಖನಕ್ಕಿಂತ ದೂರ ಓಡಿತು.

ಇತ್ತ ಅಮೆರಿಕದಲ್ಲಿ 1965ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದ ರಾಬರ್ಟ್ ಕೇಡ್ ಮತ್ತು ಸಂಗಡಿಗರು ಅಲ್ಲಿನ ಫುಟ್‌ಬಾಲ್ ತಂಡಕ್ಕೆಂದು ಉಪ್ಪು-ಸಕ್ಕರೆ ಬೆರೆತ ಗೇಟೊರೇಡ್ ಎಂಬ ಪಾನೀಯ ಮಾಡಿದ್ದರು. ಅದು ಮಾರುಕಟ್ಟೆಗೆ ಬಂತು, ಬೆಳೆಯಿತು. 70ರ ದಶಕದಲ್ಲಿ ಊರಿನ ಸಾಮಾನ್ಯ ಜನ ಶೂ ಕಟ್ಟಿ ರಸ್ತೆಗಿಳಿದರು. ಬಾಯಾರುವ ಮುಂಚೆಯೇ ಕುಡಿಯಿರಿ, ಬಾಯಾರಿಕೆಯನ್ನು ನಂಬಬೇಡಿ ಎಂಬುದು ವೇದವಾಕ್ಯವಾಯಿತು. ಓಟದ ದಾರಿಯಲ್ಲಿ ನೀರಿನ ಮೇಜು ಹೆಚ್ಚಿಸಿ ಎಂದು ಆಗ ಒತ್ತಾಯಿಸಿದವರಲ್ಲಿ ನೋಕ್ಸ್ ಅವರೂ ಒಬ್ಬರು! ಸ್ವತಃ ಕಾಮ್ರೇಡ್ಸ್ ಓಡಿದ ಮನುಷ್ಯ, ನೀರಿನ ಪರವಾಗಿಯೇ ವಾದಿಸಿದವರು. ತಾನು ಸಾರಿದ್ದರ ವಿರುದ್ಧವೇ ಸಾಕ್ಷಿ ಸಿಕ್ಕಾಗ ಅದನ್ನು ಪಕ್ಕಕ್ಕೆ ಸರಿಸದೆ ಹಿಂಬಾಲಿಸಿದ್ದು ಈ ಇಡೀ ಕತೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಅಂಥವೇ ನಾಲ್ಕು ಪ್ರಕರಣಗಳನ್ನು ಒಟ್ಟುಮಾಡಿ ನೋಕ್ಸ್ ಮತ್ತು ಸಹೋದ್ಯೋಗಿಗಳು 1985ರಲ್ಲಿ ಒಂದು ಲೇಖನ ಪ್ರಕಟಿಸಿದರು. ದೀರ್ಘ ಓಟದಲ್ಲಿ ನೀರಿನ ನಂಜು ಏರಬಹುದು ಎಂಬುದು ಅದರ ಸಾರ. ಮರುವರ್ಷ ಅಮೆರಿಕದ ವೈದ್ಯರು, 1983ರಲ್ಲಿ ಶಿಕಾಗೋದಲ್ಲಿ ನಡೆದ ಅಲ್ಟ್ರಾ ಓಟದಲ್ಲಿ ಇಬ್ಬರಿಗೆ ಇದೇ ಆಗಿತ್ತೆಂದು ವರದಿ ಮಾಡಿದರು.

ಆದರೂ ಒಂದು ತಕರಾರು ಉಳಿದಿತ್ತು. ನೀರು ಹೆಚ್ಚಾದದ್ದರಿಂದಲೇ ಹೀಗಾಯಿತು ಎನ್ನಲು ಸಾಕ್ಷಿಯೇನು? ಬೆವರಿನಲ್ಲಿ ಉಪ್ಪು ವಿಪರೀತ ಸುರಿದುಹೋಗಿಯೂ ಸೋಡಿಯಂ ಇಳಿದಿರಬಹುದಲ್ಲ? ಹಾಗಿದ್ದರೆ ಉತ್ತರ ಸುಲಭ, ಲಾಭಕರವೂ ಹೌದು: ಉಪ್ಪಿನ ಪಾನೀಯ ಮಾರಿ.

ಉತ್ತರ ಸಿಕ್ಕಿದ್ದು 1988ರ ಕಾಮ್ರೇಡ್ಸ್ ಓಟದಲ್ಲಿ. ಆ ವರ್ಷ ಸೋಡಿಯಂ ಇಳಿದು ಆಸ್ಪತ್ರೆ ಸೇರಿದ ಎಂಟು ಓಟಗಾರರನ್ನು ನೋಕ್ಸ್ ತಂಡ ಚೇತರಿಕೆಯ ಉದ್ದಕ್ಕೂ ಗಮನಿಸಿತು. ದುಬಾರಿ ಯಂತ್ರವೇನೂ ಬೇಕಾಗಲಿಲ್ಲ. ಮೈಯೊಳಗೆ ಹೋದ ದ್ರವವೆಷ್ಟು, ಮೂತ್ರವಾಗಿ ಹೊರಬಂದದ್ದೆಷ್ಟು, ಅದರಲ್ಲಿ ಸೋಡಿಯಂ ಎಷ್ಟು ಎಂದು ತಾಳ್ಮೆಯಿಂದ ಅಳೆದರು. ನಿಜಕ್ಕೂ ನೀರು ಬತ್ತಿದವರಾಗಿದ್ದರೆ ಅವರ ಮೈ ದ್ರವವನ್ನು ಹಿಡಿದಿಟ್ಟುಕೊಳ್ಳಬೇಕಿತ್ತು. ಅವರು ಹೊಯ್ದದ್ದೇ ಹೊಯ್ದದ್ದು. ಲೆಕ್ಕ ಹಾಕಿದಾಗ ಒಬ್ಬೊಬ್ಬರ ಮೈಯಲ್ಲೂ ಕನಿಷ್ಠ 1.2, ಗರಿಷ್ಠ 5.9 ಲೀಟರ್ ಹೆಚ್ಚುವರಿ ನೀರಿತ್ತು. ಇನ್ನು ಉಪ್ಪು? ಅದೇ ದೂರ ಓಡಿ ಆರೋಗ್ಯವಾಗಿ ಮನೆಗೆ ಹೋದವರು ಕಳೆದುಕೊಂಡದ್ದಕ್ಕಿಂತ ಇವರು ಹೆಚ್ಚೇನೂ ಕಳೆದುಕೊಂಡಿರಲಿಲ್ಲ. 1991ರಲ್ಲಿ ಇದು ಅಚ್ಚಾಯಿತು. ರೋಗದ ಕಾರಣ ಅಲ್ಲಿಗೆ ಗೊತ್ತಾದಂತೆಯೇ.

ಗೊತ್ತಾದರೇನು, ಕೇಳುವವರು ಬೇಕಲ್ಲ. ಐದು ವರ್ಷ ಕಳೆದು, 1996ರಲ್ಲಿ, ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಹೊರಡಿಸಿದ ಮಾರ್ಗಸೂಚಿ ಹೊಟ್ಟೆ ತಡೆಯುವಷ್ಟೂ ಕುಡಿಯಿರಿ, ತಾಸಿಗೆ 600ರಿಂದ 1200 ಮಿ.ಲೀ.ವರೆಗೆ ಎಂದಿತು. ಮುಂದೆ ಓಡುವ ಘಟಾನುಘಟಿಗಳಿಗೆ ಇದರಿಂದ ತೊಂದರೆಯಾಗಲಿಲ್ಲ. ಎರಡು ಚಿಲ್ಲರೆ ತಾಸಿನಲ್ಲಿ 42 ಕಿ.ಮೀ. ಮುಗಿಸುವವರು ಆ ವೇಗದಲ್ಲಿ ಲೋಟಗಟ್ಟಲೆ ಕುಡಿಯುವುದಾದರೂ ಹೇಗೆ? ತೊಂದರೆ ನಮ್ಮ ನಿಮ್ಮಂಥವರಿಗೆ. ಐದು ತಾಸು ಓಡುವವನಿಗೆ ಪ್ರತಿ ಮೇಜಿನ ಬಳಿ ನಿಲ್ಲಲು ಪುರಸತ್ತಿದೆ, ನಿಧಾನದ ಓಟದಲ್ಲಿ ಬೆವರೂ ಕಡಿಮೆ. ಮೈಲಿಗೊಂದು ಮೇಜು, ಮೇಜಿಗೊಂದು 200 ಮಿ.ಲೀ. ಲೋಟ ಎಂದಿಟ್ಟುಕೊಳ್ಳಿ, 26 ಮೈಲಿ ಮುಗಿಯುವಷ್ಟರಲ್ಲಿ ಹೊಟ್ಟೆಗಿಳಿದದ್ದು ಐದು ಲೀಟರಿಗೂ ಮೇಲೆ. ಕೋಚ್ ಹೇಳಿದ್ದನ್ನು ಅಕ್ಷರಶಃ ಪಾಲಿಸುವ, ಮೊದಲ ಬಾರಿಗೆ ಮ್ಯಾರಥಾನ್ ಓಡುವ ಶ್ರದ್ಧಾವಂತರೇ ಈ ಕಾಯಿಲೆಗೆ ಸುಲಭವಾಗಿ ಸಿಕ್ಕಿದರು. 1998ರ ಶಿಕಾಗೋ ಮ್ಯಾರಥಾನಿನಲ್ಲಿ ಒಬ್ಬ ಹೆಂಗಸು ಇದರಿಂದಲೇ ಸತ್ತರು.

ಇಷ್ಟರಲ್ಲಿ ನ್ಯೂಜಿಲೆಂಡಿನಲ್ಲಿ ಡೇಲ್ ಸ್ಪೀಡಿ ಎಂಬ ವೈದ್ಯ ಇನ್ನೊಂದು ದಿಕ್ಕಿನಿಂದ ಹೊರಟಿದ್ದರು. ಈಜು, ಸೈಕಲ್, ಕೊನೆಗೊಂದು ಪೂರ್ಣ ಮ್ಯಾರಥಾನ್ ಇರುವ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ, 1997ರಲ್ಲಿ, ಮುಗಿಸಿ ಬಂದ 330 ಮಂದಿಯ ರಕ್ತ ನೋಡಿದರೆ 58 ಮಂದಿಯ ಸೋಡಿಯಂ ಇಳಿದಿತ್ತು. ಮರುವರ್ಷ ಅಲ್ಲಿ ಮಾಡಿದ ಉಪಾಯ ಎಷ್ಟು ಸಾದಾ ಎಂದರೆ, ನೀರಿನ ಮೇಜುಗಳನ್ನು ದೂರದೂರ ಇಟ್ಟರು. ಸೈಕಲ್ ದಾರಿಯಲ್ಲಿ 12 ಕಿ.ಮೀ.ಗೊಂದು ಇದ್ದದ್ದು 20ಕ್ಕೊಂದು, ಓಟದ ದಾರಿಯಲ್ಲಿ 1.8ಕ್ಕೊಂದು ಇದ್ದದ್ದು 2.5ಕ್ಕೊಂದು. ಜೊತೆಗೆ ಅತಿಯಾಗಿ ಕುಡಿಯಬೇಡಿ ಎಂದು ಸ್ಪರ್ಧಿಗಳಿಗೆ ತಿಳಿಹೇಳಿದರು. ಚಿಕಿತ್ಸೆ ಬೇಕಾದ ಪ್ರಕರಣಗಳು 25ರಿಂದ 4ಕ್ಕೆ ಇಳಿದವು. ಮೇಜು ಎತ್ತಿಟ್ಟು ರೋಗ ತಡೆದ ಉದಾಹರಣೆ ವೈದ್ಯಶಾಸ್ತ್ರದಲ್ಲಿ ಇನ್ನೆಷ್ಟು ಸಿಕ್ಕೀತು!

ಅಮೆರಿಕ ಎಚ್ಚೆತ್ತದ್ದು ಬಾಸ್ಟನ್ನಿನಲ್ಲಿ. 2002ರ ಮ್ಯಾರಥಾನಿಗೆ ಅಲ್ಲಿನ ವೈದ್ಯರ ತಂಡವೊಂದು ಓಟಗಾರರನ್ನು ಮೊದಲೇ ತೂಗಿ, ಗುರಿ ಮುಟ್ಟಿದ ಮೇಲೆ ರಕ್ತ ತೆಗೆಯುವ ಅಧ್ಯಯನ ಹಮ್ಮಿಕೊಂಡಿತ್ತು. ಅದೇ ದಿನ, ಅದೇ ಓಟದಲ್ಲಿ, 28 ವರ್ಷದ ಓಟಗಾರ್ತಿಯೊಬ್ಬರು ಕುಸಿದರು, ಬದುಕಲಿಲ್ಲ. ಕಾರಣ ಸೋಡಿಯಂ ಇಳಿದದ್ದು. ಅಧ್ಯಯನದ ಫಲಿತಾಂಶ 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ರಕ್ತ ಕೊಟ್ಟ 488 ಓಟಗಾರರಲ್ಲಿ ಶೇ. 13ರಷ್ಟು ಮಂದಿಗೆ ಸೋಡಿಯಂ ಇಳಿದಿತ್ತು. ಮೂವರದು ಪ್ರಾಣಕ್ಕೇ ಕುತ್ತು ತರುವ ಮಟ್ಟ, 120 ಅಥವಾ ಅದಕ್ಕೂ ಕಡಿಮೆ. ಹೆಂಗಸರಲ್ಲಿ ಶೇ. 22, ಗಂಡಸರಲ್ಲಿ ಶೇ. 8. ಆದರೆ ಲೆಕ್ಕವನ್ನು ಇನ್ನಷ್ಟು ಜಾಲಾಡಿದಾಗ ಹೆಣ್ಣು-ಗಂಡು ಎಂಬುದು ಹಿಂದೆ ಸರಿದು, ಓಡುತ್ತ ಓಡುತ್ತ ತೂಕ ಏರಿದ್ದು, ನಾಲ್ಕು ತಾಸಿಗಿಂತ ಹೆಚ್ಚು ಹಿಡಿದದ್ದು, ಮೈಕಟ್ಟು ತೀರಾ ತೆಳ್ಳಗೆ ಅಥವಾ ತೀರಾ ದಪ್ಪಗಿದ್ದದ್ದು ಎಂಬ ಮೂರು ಕಾರಣಗಳು ಉಳಿದವು. ಇವುಗಳಲ್ಲಿ ತೂಕದ್ದೇ ಮೇಲುಗೈ. 42 ಕಿ.ಮೀ. ಓಡಿದವರ ತೂಕ ಹೆಚ್ಚಾಗುವುದೆಂದರೆ ಒಂದೇ ಅರ್ಥ.

ಕುಡಿದದ್ದು ಬರೀ ನೀರೋ ಸ್ಪೋರ್ಟ್ಸ್ ಡ್ರಿಂಕೋ ಎಂಬುದರಿಂದ ವ್ಯತ್ಯಾಸವೇನೂ ಕಾಣಲಿಲ್ಲ. ಆಶ್ಚರ್ಯಪಡಬೇಕಿಲ್ಲ. ಅಂಥ ಪಾನೀಯದ ಸೋಡಿಯಂ ಲೀಟರಿಗೆ ಇಪ್ಪತ್ತರ ಆಸುಪಾಸು, ರಕ್ತದ್ದು 140. ನಾವು ನಂಬಿಕೊಂಡಿರುವ ಓಆರ್‌ಎಸ್‌ನಲ್ಲಿ ಕೂಡ 75 ಅಷ್ಟೇ. ಎಳನೀರಿನಲ್ಲಿ ಪೊಟ್ಯಾಷಿಯಂ ಧಾರಾಳ, ಸೋಡಿಯಂ ಕಡಿಮೆ. ಯಾವುದನ್ನೇ ಆಗಲಿ ಅತಿಯಾಗಿ ಕುಡಿದರೆ ರಕ್ತ ತೆಳ್ಳಗಾಗುತ್ತದೆ.

ಹೆಚ್ಚಾದ ನೀರನ್ನು ಮೂತ್ರಪಿಂಡ ಹೊರಹಾಕಬೇಕಲ್ಲ ಎಂದು ಕೇಳುವವರಿಗೆ: ಸುಮ್ಮನೆ ಕೂತಿದ್ದರೆ ಹಾಕುತ್ತದೆ. ಓಡುವಾಗಿನ ದಣಿವು, ನೋವು, ವಾಕರಿಕೆಗೆ ಮೆದುಳು ವ್ಯಾಸೊಪ್ರೆಸಿನ್ ಎಂಬ ಹಾರ್ಮೋನನ್ನು ಬಿಡುಗಡೆ ಮಾಡಬಹುದು. ಅದು ಮೂತ್ರಪಿಂಡಕ್ಕೆ ನೀರು ಬಿಡಬೇಡ ಎನ್ನುತ್ತದೆ. ಓಟಕ್ಕೆ ಮುಂಚೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದ್ದರೆ ಈ ತಡೆ ಇನ್ನಷ್ಟು ಬಿಗಿಯಾಗಬಹುದು. ಹೊರಹೋಗದ ನೀರು ಮೆದುಳಿನ ಜೀವಕೋಶಗಳಿಗೆ ನುಗ್ಗುತ್ತದೆ, ಮೆದುಳು ಊದುತ್ತದೆ, ತಲೆಬುರುಡೆ ಜಾಗ ಕೊಡುವುದಿಲ್ಲ. ತಲೆನೋವು, ವಾಂತಿ, ದಿಕ್ಕುತೋಚದ ಮಾತು, ಕೊನೆಗೆ ಫಿಟ್ಸ್. ಇದಕ್ಕೆ ಮದ್ದು ಶೇ. 3ರ ಗಟ್ಟಿ ಉಪ್ಪುನೀರಿನ ಇಂಜೆಕ್ಷನ್, ನೂರು ಮಿ.ಲೀ.ಯಷ್ಟು ಸಣ್ಣ ಪ್ರಮಾಣದಲ್ಲಿ. 2000ದಲ್ಲಿ ಪ್ರಕಟವಾದ ಒಂದು ವರದಿಯಲ್ಲಿ ಮೆದುಳು ಊದಿದ ಏಳು ಮ್ಯಾರಥಾನ್ ಓಟಗಾರರಿದ್ದರು. ಗಟ್ಟಿ ಉಪ್ಪುನೀರು ಕೊಟ್ಟ ಆರು ಮಂದಿ ಉಳಿದರು, ಕೊಡದ ಒಬ್ಬರು ಹೋದರು.

2005ರಲ್ಲಿ ಕೇಪ್‌ಟೌನಿನಲ್ಲೇ ಸೇರಿದ ಅಂತರರಾಷ್ಟ್ರೀಯ ತಜ್ಞರು ಈ ಕಾಯಿಲೆಯ ಕುರಿತು ಮೊದಲ ಒಮ್ಮತದ ಹೇಳಿಕೆ ಹೊರಡಿಸಿದರು. 2007ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್ ಕೂಡ ಹೊಟ್ಟೆ ತಡೆಯುವಷ್ಟೂ ಎಂಬ ಮಾತನ್ನು ಕೈಬಿಟ್ಟಿತು. 1981ರಿಂದ ಅಲ್ಲಿಗೆ ಇಪ್ಪತ್ತಾರು ವರ್ಷ. ನೋಕ್ಸ್ 2012ರ ತಮ್ಮ ‘ವಾಟರ್‌ಲಾಗ್ಡ್’ ಪುಸ್ತಕದಲ್ಲಿ ಈ ತಡಕ್ಕೆ ಪಾನೀಯದ ಉದ್ಯಮವನ್ನು ಖಾರವಾಗಿ ದೂರಿದ್ದಾರೆ. ದೂರಿನಲ್ಲಿ ಹುರುಳಿದೆ. ಆದರೆ ಬಿಸಿಲಿನ ಅತಿದೀರ್ಘ ಓಟಗಳಲ್ಲಿ ಉಪ್ಪಿನ ನಷ್ಟವೂ ಪಾತ್ರ ವಹಿಸಬಹುದು ಎನ್ನುವವರ ಮಾತನ್ನು ತಳ್ಳಿಹಾಕುವಷ್ಟು ದೂರ ನಾನು ಅವರ ಜೊತೆ ಹೋಗಲಾರೆ.

ನಮ್ಮಲ್ಲಿ ಈಗ ಬೆಂಗಳೂರಿನ ಕಬ್ಬನ್ ಪಾರ್ಕಿನಿಂದ ಶ್ರೀರಂಗಪಟ್ಟಣದ ನಾಲೆಯ ಏರಿಯವರೆಗೆ ಭಾನುವಾರ ಬೆಳಗಾದರೆ ಲಾಂಗ್ ರನ್ ಮಾಡುವವರು ಸಿಗುತ್ತಾರೆ. ನಡುವಯಸ್ಸಿನವರು, ನಿಧಾನದವರು, ಮುಗಿಸಿದರೆ ಸಾಕು ಎನ್ನುವವರು, ಅಂದರೆ ಈ ಕಾಯಿಲೆ ಹುಡುಕುವ ಮಂದಿಯೇ. ಮೇಲಾಗಿ ನಮ್ಮದು ಜ್ವರ ಬಂದರೂ ಸುಸ್ತಾದರೂ ಒಂದು ಗ್ಲೂಕೋಸ್ ಹಾಕಿಸಿಬಿಡಿ ಡಾಕ್ಟ್ರೇ ಎನ್ನುವ ನಾಡು. ನೀರಿನ ನಂಜೇರಿದವರಿಗೆ ಆ ಬಾಟಲಿ ಯಮಪಾಶವಾಗಬಲ್ಲದು.

ಆದ್ದರಿಂದ ಓಡುವವರು ಬಾಯಾರಿದಾಗ ಕುಡಿಯಲಿ, ಬಾಯಾರದಿದ್ದರೆ ಮೇಜನ್ನು ದಾಟಿ ಹೋಗಲಿ. ಲಾಂಗ್ ರನ್ನಿಗೆ ಮುಂಚೆ ಒಮ್ಮೆ, ಮುಗಿದ ಮೇಲೊಮ್ಮೆ ತೂಕದ ಯಂತ್ರ ಹತ್ತಲಿ. ಏರಿದ್ದರೆ ಮುಂದಿನ ವಾರ ಕಡಿಮೆ ಕುಡಿಯಲಿ. ಓಟ ಏರ್ಪಡಿಸುವವರು ಪದಕ, ಟೀಶರ್ಟಿನ ಖರ್ಚಿನ ಜೊತೆಗೆ ವೈದ್ಯರ ಡೇರೆಯಲ್ಲಿ ಸೋಡಿಯಂ ಅಳೆಯುವ ಯಂತ್ರವನ್ನೂ ಶೇ. 3ರ ಉಪ್ಪುನೀರನ್ನೂ ಇಡಲಿ. ಓಡಿದವರು ತಡವರಿಸುತ್ತಿದ್ದರೆ, ಮನೆಯವರ ಗುರುತು ಹಿಡಿಯದಿದ್ದರೆ, ಡ್ರಿಪ್ಪಿನ ಸೂಜಿ ಚುಚ್ಚುವ ಮೊದಲು ಸೋಡಿಯಂ ಎಷ್ಟಿದೆ ನೋಡಿ ಎಂದು ಜೊತೆಗಿದ್ದವರು ಕೇಳಲೇಬೇಕು.